ಬಸವರಾಜನ ಕತ್ತಿನ ಎರಡು ಚುಕ್ಕಿ

ಮೊನ್ನೆ ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಹಜಾರಕ್ಕೆ ಬಂದರೆ ಹಸಿಮಣ್ಣಿನಂಥ ವಾಸನೆ. ನನ್ನ ಮೊಮ್ಮಗಳು ಇಂಚರ ಸೋಫಾದ ಮೇಲೆ ಕಾಲು ಮಡಚಿ ಕೂತು, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಸ್ಟ್ರಾದಲ್ಲಿ ಬೀಟ್‌ರೂಟ್ ಜ್ಯೂಸ್ ಹೀರುತ್ತಿದ್ದಳು. ರಕ್ತ ಕಡಿಮೆ ಇದೆ ಎಂದು ಡಾಕ್ಟರು ಹೇಳಿದ ಮೇಲೆ ಅವರಮ್ಮ ದಿನಾ ಅದನ್ನು ಕುಡಿಸುತ್ತಾಳೆ. ಪರದೆಯ ಮೇಲೆ ಕಣ್ಣಾಡಿಸಿದೆ. ಅಲ್ಲೂ ಒಬ್ಬ ಚೆಲುವ ಸ್ಟ್ರಾ ಹಾಕಿಕೊಂಡು ಕೆಂಪಗಿನದೇನನ್ನೋ ಹೀರುತ್ತಿದ್ದ.

“ಇವನಿಗೂ ರಕ್ತ ಕಡಿಮೆಯೇನವ್ವ?” ಎಂದೆ.

“ಶ್! ತಾತ, ಅವನು ವ್ಯಾಂಪೈರ್. ಅದು ಬ್ಲಡ್ಡೇ.”

ರಕ್ತಪಿಶಾಚಿ ಎಂದ ಮೇಲೆ ನಾನು ಬಿಡುತ್ತೇನೆಯೇ? ಈ ನಂಜನಗೂಡು ತಾಲ್ಲೂಕು, ಆ ತಿರುಮಕೂಡಲು ನರಸೀಪುರ ತಾಲ್ಲೂಕು ಎರಡನ್ನೂ ಸೇರಿಸಿ ಹುಡುಕಿದರೂ ನನ್ನಷ್ಟು ರಕ್ತಪಿಶಾಚಿಗಳನ್ನು ನೋಡಿದ ಇನ್ನೊಬ್ಬ ಸಿಗಲಾರ. ಪಕ್ಕದಲ್ಲಿ ಕೂತು ಎರಡು ಕಂತು ಪೂರ್ತಿ ನೋಡಿದೆ. ನೋಡಿ ನನಗೆ ಬಂದದ್ದು ಭಯವಲ್ಲ, ಆಕಳಿಕೆ.

ಈ ಚೆಲುವನ ವಯಸ್ಸು ಮುನ್ನೂರ ಹನ್ನೆರಡಂತೆ. ಮುಖ ನೋಡಿದರೆ ಹೋದ ವರ್ಷ ಪಿಯುಸಿ ಪಾಸಾದ ಹಾಗಿದೆ. ಕಾಫಿ ಅಂಗಡಿ ಇಟ್ಟಿದ್ದಾನೆ, ತಾನು ಮಾತ್ರ ಕಾಫಿ ಮುಟ್ಟುವುದಿಲ್ಲ. ಶರ್ಟಿಗೆ ಖಡಕ್ ಇಸ್ತ್ರಿ. ಫ್ರಿಜ್ಜು ತೆಗೆದರೆ ಹಾಲಿನ ಪ್ಯಾಕೆಟ್ಟಿನ ಹಾಗೆ ಸಾಲಾಗಿ ರಕ್ತದ ಪ್ಯಾಕೆಟ್ಟುಗಳು. ಅಷ್ಟು ವರ್ಷದ ಹಸಿವು ಹೊತ್ತವನು ಹುಡುಗಿಯ ಕತ್ತಿನ ಹತ್ತಿರ ಬಂದು, ಮೂಸಿ, ಕಣ್ಣಲ್ಲಿ ನೀರು ತಂದುಕೊಂಡು, “ಕಚ್ಚಲಾ?” ಎಂದು ಕೇಳುತ್ತಾನೆ. ಅವಳು ಬೇಡವೆಂದರೆ ಮಹಡಿ ಹತ್ತಿ ಪಿಯಾನೋ ಬಾರಿಸುತ್ತಾನೆ. ನಮ್ಮ ಚರಂಡಿಯ ಸೊಳ್ಳೆಗೆ ಇದಕ್ಕಿಂತ ಹೆಚ್ಚು ಛಲವಿದೆ ಎಂದೆ.

“ಕೇಳ್ದೆ ಕಚ್ಚೋದು ತಪ್ಪು ತಾತ,” ಎಂದಳು ಇಂಚರ, ನನ್ನ ಕಡೆ ತಿರುಗದೆ.

“ಕೇಳಿ ಕಚ್ಚೋನು ದೆವ್ವ ಅಲ್ಲವ್ವ, ಹಲ್ಲಿನ ಡಾಕ್ಟರು.”

ಅವಳಿಗೆ ನಗು ಬಂತು, ಆದರೆ ಒಪ್ಪಲಿಲ್ಲ. ಅಷ್ಟರಲ್ಲಿ ಆ ಮಹಾನುಭಾವ ಹುಡುಗಿಯ ಕೈ ಹಿಡಿದು “ನಿನಗೋಸ್ಕರ ಸಾಯಲೂ ಸಿದ್ಧ” ಎಂದ. ನೀವೇ ಹೇಳಿ, ಇದು ಎಂಥ ಮಾತು? ಅವನಿಗೆ ಸಾವೇ ಇಲ್ಲ. ಉಚಿತ ಪಾಸ್ ಇಟ್ಟುಕೊಂಡವನು “ನಿನಗೋಸ್ಕರ ಬಸ್ ಚಾರ್ಜು ಕೊಟ್ಟು ಬಂದೆ” ಎಂದ ಹಾಗಾಯಿತು. ಪ್ರೀತಿಯ ಮಾತು ಹೇಳುವವನಿಗೆ ಪ್ರಾಣ ಹೋಗುವ ಭಯ ಇರಬೇಕು, ಆಗ ಆ ಮಾತಿಗೆ ತೂಕ. ಇದನ್ನು ನಾನು ಯಾವ ಪುಸ್ತಕದಲ್ಲೂ ಓದಿದ್ದಲ್ಲ. ಕಣ್ಣಾರೆ ಕಂಡಿದ್ದೇನೆ. ಕಂಡಿದ್ದೇನೆ ಎಂದರೂ ಕಡಿಮೆಯಾಯಿತು, ನಾನೇ ಮಾಡಿಸಿದ್ದೇನೆ.

ಆ ಕಥೆಯನ್ನು ಅವಳಿಗೆ ಹೇಳುವ ಹುಕಿ ಬಂತು. ನಲವತ್ತು ವರ್ಷ ಯಾರಿಗೂ ಹೇಳಿರಲಿಲ್ಲ. ಅದೂ ಆವತ್ತೇ ಯಾಕೆ ಬಾಯಿಗೆ ಬಂತೆಂದರೆ, ಮಾರನೆಯ ಸೋಮವಾರ ಬಸವರಾಜು ಬರುವವನಿದ್ದ.

ಬಸವರಾಜು ತಾಂಡವಪುರದ ರೈತರ ಮನೆಯವನು, ನರಸೀಪುರದಲ್ಲಿ ಪ್ರೈಮರಿ ಸ್ಕೂಲ್ ಮೇಷ್ಟ್ರಾಗಿದ್ದ. ನಾನು ಅಲ್ಲೇ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಮದುವೆಯಾಗದ ಇಬ್ಬರೂ ಪುಟ್ಟತಾಯಮ್ಮ ಎಂಬ ಹೆಂಗಸಿನ ಮನೆಯ ಹಿಂದಿನ ರೂಮಿನಲ್ಲಿ ಬಾಡಿಗೆಗಿದ್ದೆವು. ಈಗ ಅವನು ರಿಟೈರಾಗಿ ತಾಂಡವಪುರದಲ್ಲಿದ್ದಾನೆ, ನಾನು ಇಲ್ಲಿ ನಂಜನಗೂಡಿನಲ್ಲಿ. ವರ್ಷಕ್ಕೊಮ್ಮೆ ಕಾರ್ತಿಕ ಸೋಮವಾರ ಹೆಂಡತಿ ಸರೋಜಳ ಜೊತೆ ಬಂದು, ಕಪಿಲಾ ಹೊಳೆಯಲ್ಲಿ ಮುಳುಗಿ, ಒದ್ದೆ ಬಟ್ಟೆಯಲ್ಲಿ ನಂಜುಂಡೇಶ್ವರನ ಗುಡಿಯ ಸುತ್ತ ಉರುಳುಸೇವೆ ಮಾಡುತ್ತಾನೆ. ಅದು ಹಾವು ಕಚ್ಚಿ ಬದುಕಿದ್ದಕ್ಕೆ ಹೊತ್ತ ಹರಕೆ. ಈಗ ಅವನಿಗೆ ಎಪ್ಪತ್ತು ಸಮೀಪಿಸಿದೆ, ಎರಡು ಮಂಡಿಯೂ ಸವೆದಿವೆ, ಹೋದ ವರ್ಷ ಉರುಳಿ ಎದ್ದವನು ತಲೆಸುತ್ತಿ ಬಿದ್ದ. ಈ ಸಲ ಉರುಳಬೇಡಿ ಎಂದು ಡಾಕ್ಟರು ಖಡಾಖಂಡಿತ ಹೇಳಿದ್ದಾರೆ. ಫೋನಿನಲ್ಲಿ ನಾನೂ ಹೇಳಿದೆ. “ಡಾಕ್ಟರೇನು ನನ್ ಪ್ರಾಣ ಉಳ್ಸಿದ್ನಾ? ಉಳ್ಸಿದೋನ್ಗೆ ಮಾತು ಕೊಟ್ಟಿವ್ನಿ. ಉರುಳ್ತಾ ಉರುಳ್ತಾ ಓದ್ರೂ ಓಗ್ಲಿ ಬುಡು,” ಎಂದ.

ಅವನನ್ನು ಹಾವು ಕಚ್ಚಿಯೇ ಇರಲಿಲ್ಲ. ಅದು ಗೊತ್ತಿದ್ದವನು ನಾನೊಬ್ಬನೇ.

ಆ ಕಾಲದಲ್ಲಿ ಭಾನುವಾರ ಬೆಳಗಿನ ಆಟಕ್ಕೆ ನಂಜನಗೂಡಿನ ಟಾಕೀಸಿಗೆ ಇಂಗ್ಲಿಷ್ ಸಿನಿಮಾ ಬರುತ್ತಿತ್ತು. ದೆವ್ವದ್ದು ಎಂದು ಗೊತ್ತಾದರೆ ಸಾಕು, ನಾನೂ ಬಸವರಾಜನೂ ನರಸೀಪುರದಿಂದ ಬಸ್ಸು ಹತ್ತುತ್ತಿದ್ದೆವು. ಸಿನಿಮಾದ ಅಸಲಿ ಹೆಸರು ನಮಗೆ ಬೇಕಿರಲಿಲ್ಲ, ಪೋಸ್ಟರಿನ ಮೇಲೆ ಟಾಕೀಸಿನವರು ಕನ್ನಡದಲ್ಲಿ ತಮಗೆ ತೋಚಿದ್ದನ್ನು ಬರೆದಿರುತ್ತಿದ್ದರು. ಇಂಗ್ಲಿಷು ಅರ್ಥವಾಗುತ್ತಿರಲಿಲ್ಲ ಎಂದು ನೀವು ತಿಳಿದರೆ ನನಗೆ ಅವಮಾನ. ಅರ್ಧ ಅರ್ಥವಾಗುತ್ತಿತ್ತು. ಇನ್ನರ್ಧವನ್ನು ನಾನು ಬಸವರಾಜನಿಗೆ ಅವರಿಗಿಂತ ಚೆನ್ನಾಗಿ ಕಟ್ಟಿ ಹೇಳುತ್ತಿದ್ದೆ.

ಆ ರಕ್ತಪಿಶಾಚಿಗಳು ಪಿಶಾಚಿಗಳಪ್ಪ! ಮಲಗುವುದು ಮಣ್ಣು ತುಂಬಿದ ಪೆಟ್ಟಿಗೆಯಲ್ಲಿ. ಉಗುರಲ್ಲಿ ಕೆಸರು, ಕೋಟಿನ ಮೇಲೆ ಜೇಡರ ಬಲೆ. ಅವನು ಬಂದರೆ ಕುದುರೆ ಕೆನೆಯುತ್ತಿತ್ತು, ನಾಯಿ ಬಾಲ ಮಡಚುತ್ತಿತ್ತು, ಎಮ್ಮೆಯಿದ್ದಿದ್ದರೆ ಖಂಡಿತ ಹಾಲು ಕೊಡುತ್ತಿರಲಿಲ್ಲ. ಕಚ್ಚಿದರೆ ರಕ್ತ ಗಲ್ಲದಿಂದ ಇಳಿದು ಬಿಳಿ ಕಾಲರೆಲ್ಲ ತೊಯ್ಯಬೇಕು. ಅವನಿಗೆ ಹಸಿವು, ಹಳ್ಳಿಯವರಿಗೆ ಪ್ರಾಣ. ನಡುವೆ ಪಿಯಾನೋ ಇಲ್ಲ. ಇದು ಸಾಲದೆಂದು ಟಾಕೀಸಿನ ಕುರ್ಚಿಗಳಲ್ಲಿ ತಿಗಣೆ. ಪರದೆಯ ಮೇಲೆ ಒಬ್ಬ ಹೀರುತ್ತಿದ್ದರೆ ಕೆಳಗೆ ನೂರು ಜನ ಹೀರುತ್ತಿದ್ದರು. ಅಷ್ಟು ಮೈಗೆ ನಾಟುವ ಸಿನಿಮಾ ಈ ಲ್ಯಾಪ್‌ಟಾಪಿನಲ್ಲಿ ಎಲ್ಲಿ ಬರಬೇಕು?

ಒಂದು ಭಾನುವಾರ ಅಂಥದೊಂದು ನೋಡಿ ಹೊರಗೆ ಬಂದೆವು. ನಾನು, ನಿಜ ಹೇಳುತ್ತೇನೆ, ಕಾಲರ್ ಎತ್ತಿ ಕತ್ತು ಮುಚ್ಚಿಕೊಂಡಿದ್ದೆ. ಬಸವರಾಜು ಮಾತ್ರ ಕಡಲೆಕಾಯಿ ಸುಲಿಯುತ್ತಾ, “ಇವ್ನು ನಮ್ಮೂರ್ಗೆ ಬಂದ್ರೆ ನಮ್ಮಜ್ಜಿ ಪೊರಕೇಲಿ ಒಡ್ದು ಓಡ್ಸೋಳು ಕಣ್ಲಾ. ನೀನೇನ್ಲಾ ಇಂಗ್ ಬೆವ್ತಿದ್ದೀಯ?” ಎಂದ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ ಮಾತು, ಪಕ್ಕದವರಿಗೆಲ್ಲ ಕೇಳುವ ಹಾಗೆ. ಇಂಥದ್ದನ್ನು ಸಹಿಸುವ ಜಾತಕ ನನ್ನದಲ್ಲ. ನರಸೀಪುರ ತಲುಪುವ ಹೊತ್ತಿಗೆ ಇವನ ಕತ್ತಿನ ಮೇಲೆ ಎರಡು ಹಲ್ಲಿನ ಗುರುತು ಮೂಡಿಸಿಯೇ ತೀರುವುದೆಂದು ತೀರ್ಮಾನಿಸಿದ್ದೆ.

ಹೇಗೆ? ಕುಂಕುಮ ಒರೆಸಿದರೆ ಹೋಗುತ್ತದೆ. ಕಚೇರಿಯ ಕೆಂಪು ಶಾಯಿ ಸೋಪಿಗೆ ಹೋಗುತ್ತದೆ. ಆಗ ನೆನಪಾದದ್ದು ಗೇರು. ತಿನ್ನುವ ಗೋಡಂಬಿಯ ಗೇರಲ್ಲ, ಮಡಿವಾಳರು ಬಟ್ಟೆಗೆ ಗುರುತು ಹಾಕುವ ಕರಿಗೇರು. ಆ ಕಾಯಿಗೆ ಸೂಜಿ ಚುಚ್ಚಿ, ಬಂದ ರಸದಲ್ಲಿ ಪಂಚೆಯ ಮೂಲೆಗೆ ಒಂದು ಚುಕ್ಕಿಯಿಟ್ಟರೆ ಪಂಚೆ ಹರಿದರೂ ಚುಕ್ಕಿ ಹೋಗದು. ನಮ್ಮ ಬಟ್ಟೆ ಒಗೆಯುತ್ತಿದ್ದ ಯಜಮಾನರ ಹತ್ತಿರ ಒಂದು ಕಾಯಿ ಇಸಿದುಕೊಂಡು ಬಂದೆ. “ಮೈಗೆ ತಾಗ್ಸ್ಕಬ್ಯಾಡಿ ಸಾ, ಬೊಬ್ಬೆ ಏಳ್ತದೆ,” ಎಂದು ಅವರು ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ತಾಗುವುದು ನನ್ನ ಮೈಗಲ್ಲವಲ್ಲ ಎಂದುಕೊಂಡೆ.

ಬಸವರಾಜು ಮುದ್ದೆ, ಕೋಳಿಸಾರು ಉಂಡು ಚಾಪೆಯ ಮೇಲೆ ಗೊರಕೆ ಹೊಡೆಯುತ್ತಿದ್ದ. ಪೊರಕೆಕಡ್ಡಿಯನ್ನು ರಸದಲ್ಲಿ ಅದ್ದಿ ಅವನ ಕತ್ತಿನ ಎಡಗಡೆಗೆ, ಒಂದು ಬೆರಳಿನಂತರದಲ್ಲಿ, ಎರಡು ಚುಕ್ಕಿ ಇಟ್ಟೆ. ಕೈಯೆಂದರೆ ಕೈ ನನ್ನದು, ಅಳತೆ ತಪ್ಪಲಿಲ್ಲ. ಆಮೇಲೆ ಜಗುಲಿಗೆ ಬಂದು, ಇವನು ಎದ್ದು ಕನ್ನಡಿ ನೋಡಿ “ಅಯ್ಯೋ ರಕ್ತಪಿಶಾಚಿ!” ಎಂದು ಕಿರುಚುವುದನ್ನೇ ಕಾಯುತ್ತಾ ಕೂತೆ.

ನಾಲ್ಕು ಗಂಟೆಗೆ ಕಿರುಚಿದ. ಕಿರುಚಿದ್ದು ಮಾತ್ರ “ಅಯ್ಯಪ್ಪಾ, ಆವು!” ಎಂದು.

ನನ್ನ ಬುದ್ಧಿಗೆ ಹೊಳೆಯದೇ ಹೋದದ್ದು ಅಲ್ಲಿ. ಕತ್ತಿನ ಮೇಲೆ ಎರಡು ಚುಕ್ಕಿ ಕಂಡರೆ ರಕ್ತಪಿಶಾಚಿ ಎನ್ನುವುದು ಆ ಸಿನಿಮಾದ ದೇಶದವರು. ಕಬ್ಬಿನ ಗದ್ದೆಯ ಬದುವಿನ ಮೇಲೆ ನಡೆದು ಬೆಳೆದವನಿಗೆ ಮೈಮೇಲೆ ಎರಡು ಚುಕ್ಕಿ ಎಂದರೆ ಒಂದೇ ಅರ್ಥ, ಹಾವು. ಕತ್ತು ಬೇರೆ ಉರಿಯುತ್ತಿತ್ತು. ಪುಟ್ಟತಾಯಮ್ಮ ಓಡಿ ಬಂದಳು, ಹಿಂದೆ ಬೀದಿಯೇ ಬಂತು. ಆಕೆ ಬೇವಿನ ಸೊಪ್ಪು ಕಿತ್ತು ಅವನ ಬಾಯಿಗೆ ತುರುಕಿದಳು. ವಿಷ ಏರಿದ್ದರೆ ಬೇವು ಕಹಿಯಾಗುವುದಿಲ್ಲ ಎನ್ನುವುದು ನಮ್ಮ ಕಡೆಯ ಪರೀಕ್ಷೆ.

“ಕಯ್ಯಿ ಅದಾ ಮೇಷ್ಟ್ರೇ?”

ಬಸವರಾಜು ಅಗಿದ, ಅಗಿದ. ಹೆದರಿಕೆಗೆ ನಾಲಗೆ ಒಣಗಿ ಸೌದೆಯಾಗಿತ್ತು ಪಾಪ. “ಇಲ್ಲ ಕಣವ್ವಾ, ಸಪ್ಪೆ,” ಎಂದ.

ಬೀದಿಗೆ ಬೀದಿಯೇ ಹೋ ಎಂದು ಅತ್ತುಬಿಟ್ಟಿತು. ನಾನು “ಲೇ, ತಮಾಷೆ ಕಣ್ಲಾ, ಅದು ನಾನು...” ಎಂದು ಎರಡು ಸಲ ಬಾಯಿ ತೆಗೆದೆ. “ತಮಾಷೆ ಮಾಡೋ ಒತ್ತಾ ಇದು?” ಎಂದು ಪುಟ್ಟತಾಯಮ್ಮ ನನ್ನ ಬೆನ್ನಿಗೆ ಗುದ್ದಿದಳು. ಅವನನ್ನು ಆಟೋಗೆ ಹಾಕಿ, ನನ್ನ ತೊಡೆಯ ಮೇಲೆ ತಲೆಯಿಟ್ಟು, ಆಸ್ಪತ್ರೆಗೆ ಹೊರಡಿಸಿದರು.

ಈಗ ಹೇಳಬೇಕು, ಆಟೋದಲ್ಲಿ ಹೇಳಿಬಿಡೋಣ ಎಂದುಕೊಂಡೆ. ಅಷ್ಟರಲ್ಲಿ ಅವನು ನನ್ನ ಕೈ ಹಿಡಿದುಕೊಂಡ. “ಆಸ್ಪತ್ರೆ ಬ್ಯಾಡ ಕಣ್ಲಾ. ಅಲ್ಲಿ ಸರೋಜ ಅವ್ಳೆ. ಅವಳ ಮುಂದೆ ಸಾಯಕ್ಕೆ ನಂಗೆ ನಾಚ್ಕೆ.”

ಸರೋಜ ಆಸ್ಪತ್ರೆಯ ನರ್ಸು. ಶಾಲೆಯ ಮಕ್ಕಳಿಗೆ ಸೂಜಿ ಹಾಕಲು ಬರುತ್ತಿದ್ದಳು. ಅವಳು ಬಂದ ದಿನ ಬಸವರಾಜು ಇಸ್ತ್ರಿ ಮಾಡಿದ ಅಂಗಿ ಹಾಕುತ್ತಿದ್ದ ಎನ್ನುವುದು ನನಗೆ ಆಗ ನೆನಪಾಯಿತು.

“ಮೂರ್ ವರ್ಸದಿಂದ ಒಂದ್ ಮಾತು ಯೋಳಕ್ಕಾಗ್ನಿಲ್ಲ ಕಣ್ಲಾ. ನಾನ್ ಓಗ್ಬುಟ್ರೆ ನೀನಾರ ಯೋಳು. ಅವಳ್ ಸೂಜಿ ಚುಚ್ದಾಗ ಐಕ್ಳು ಅಳ್ತಿದ್ವು, ಅವಳೂ ಅಳ್ತಿದ್ಲು. ಅವತ್ತೇ ನಂಗೆ...” ಆಮೇಲೆ ಆಟೋದ ಮೇಲ್ಛಾವಣಿಗೆ ಕೈ ಮುಗಿದು, “ನಂಜುಂಡಪ್ಪಾ, ಲೋಕದ್ ನಂಜೆಲ್ಲಾ ಕುಡ್ದೋನು ನೀನು, ಇದೊಂದ್ ತೊಟ್ಟು ಕುಡ್ಕಬುಡು. ಬದುಕಿದ್ರೆ ವರ್ಸಾ ವರ್ಸಾ ಬಂದು ಉರುಳ್ತೀನಿ,” ಎಂದ.

ನಾನು ನಾಲಗೆ ಕಚ್ಚಿಕೊಂಡೆ. ಈಗ ಇದು ತಮಾಷೆ ಎಂದರೆ ಇವನು ಆ ಮಾತನ್ನೂ ನುಂಗಿಬಿಡುತ್ತಾನೆ, ಇನ್ನು ಮೂರು ಜನ್ಮಕ್ಕೂ ಬಾಯಿ ಬಿಡುವುದಿಲ್ಲ. ಆಸ್ಪತ್ರೆ ಬಾಗಿಲಿಗೆ ಸರೋಜಳೇ ಬಂದಳು. ನಾನು ಅವಳಿಗೆ ಹಾವಿನ ವಿಷಯ ಹೇಳುವ ಮೊದಲು ಅವನು ಹೇಳಿದ್ದನ್ನು ಹೇಳಿಬಿಟ್ಟೆ. ಕಾಂಪೌಂಡರು, ಆಟೋದವನು, ಹಿಂದೆ ಓಡಿ ಬಂದ ಅರ್ಧ ಬೀದಿ, ಎಲ್ಲರ ಮುಂದೆ. ಸರೋಜ ಕಣ್ಣೊರೆಸಿಕೊಂಡು, ಸ್ಟ್ರೆಚರ್ ತಾನೇ ತಳ್ಳಿಕೊಂಡು ಹೋದಳು. ಎರಡು ದಿನ ಇಟ್ಟುಕೊಂಡರು. ವಿಷದ ಲಕ್ಷಣ ಕಾಣಲಿಲ್ಲ, ಯಾವುದೋ ನೀರುಹಾವು ಇರಬೇಕು ಎಂದರು ಡಾಕ್ಟರು. ಕತ್ತಿನ ಬೊಬ್ಬೆಗಳಿಗೆ ಸರೋಜಳೇ ಪಟ್ಟಿ ಕಟ್ಟಿದಳು. ಆರು ತಿಂಗಳಿಗೆ ಮದುವೆ, ನಾನೇ ಮುಂದೆ ನಿಂತು ಬಡಿಸಿದೆ. ಎರಡು ಕಪ್ಪು ಕಲೆ ಇವತ್ತಿಗೂ ಅವನ ಕತ್ತಿನಲ್ಲಿವೆ.

ಇಷ್ಟನ್ನು ಇಂಚರಳಿಗೆ ಹೇಳಿ, ಮೀಸೆ ತಿರುವಿಕೊಂಡು ಕೂತೆ. ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ ಎಂದಿದ್ದೆ. ಅವಳು ಲ್ಯಾಪ್‌ಟಾಪ್ ಮುಚ್ಚಿದಳು.

“ಅಂದ್ರೆ ಬಸವರಾಜು ತಾತ ನಲವತ್ತು ವರ್ಷದಿಂದ ಸುಮ್‌ಸುಮ್ನೆ ಉರುಳ್ತಿದ್ದಾರಾ? ನಾಳೇನೂ ಉರುಳ್ತಾರಾ? ಆ ಮಂಡೀಲಿ?”

“ಹರಕೆ ಅಂತಾನಲ್ಲವ್ವ.”

“ಹೇಳ್ಬಿಡಿ ತಾತ. ನೀವು ಅವ್ರನ್ನ ಕೇಳ್ದೇನೇ ಕಚ್ಚಿದ್ದೀರ.”

ನಾನು ಏನೋ ಚುರುಕಾಗಿ ಉತ್ತರ ಕೊಟ್ಟೆ. ಏನು ಕೊಟ್ಟೆ ಎಂದು ಈಗ ನೆನಪಿಲ್ಲ, ಅಂದರೆ ಅದು ಅಷ್ಟು ಚುರುಕಾಗಿರಲಿಲ್ಲ. ಹೇಳಿದರೆ ಏನಾಗುತ್ತದೆ ಎಂದು ಸಂಜೆಯೆಲ್ಲ ಲೆಕ್ಕ ಹಾಕಿದೆ. ಹೇಳದಿದ್ದರೆ ಅವನು ಉರುಳುತ್ತಾನೆ, ಈ ಸಲ ಏಳುತ್ತಾನೋ ಇಲ್ಲವೋ. ಹೇಳಿದರೆ ಸಾಕ್ಷಾತ್ ನಂಜುಂಡಪ್ಪ ತನಗಾಗಿ ಒಂದು ತೊಟ್ಟು ವಿಷ ಕುಡಿದ ಎಂಬ ಅವನ ಜೀವನದ ದೊಡ್ಡ ಸಂಗತಿ ನನ್ನ ಪೊರಕೆಕಡ್ಡಿಗೆ ಬಂದು ನಿಲ್ಲುತ್ತದೆ. ಆಮೇಲೆ ಅವನು ನನ್ನ ಮನೆಯಲ್ಲಿ ಕಾಫಿ ಕುಡಿಯುತ್ತಾನೋ?

ಸೋಮವಾರ ಬೆಳಿಗ್ಗೆ ಗಂಡ ಹೆಂಡತಿ ಬಂದರು. ಮೂರು ಮೆಟ್ಟಿಲು ಹತ್ತಲು ಬಸವರಾಜು ಗೋಡೆ ಹಿಡಿದ. ಕಾಫಿ ಕೊಟ್ಟು, ಅವನು ಲೋಟ ಕೆಳಗಿಡುವ ತನಕ ಕಾದು, ಹೇಳಿದೆ. ಗೇರುಕಾಯಿ, ಕಡ್ಡಿ, ಚುಕ್ಕಿ, ಒಂದನ್ನೂ ಬಿಡಲಿಲ್ಲ. ಕೊನೆಗೆ “ತಪ್ಪಾಯ್ತು ಕಣ್ಲಾ,” ಎಂದೆ. ಆ ಮಾತು ನನ್ನ ಬಾಯಿಂದ ಬಂದದ್ದು ನನಗೇ ಹೊಸದಾಗಿ ಕೇಳಿಸಿತು.

ಬಸವರಾಜು ನನ್ನನ್ನೇ ನೋಡಿದ. ಆಮೇಲೆ ಗಹಗಹಿಸಿ ನಗಲು ಶುರುಮಾಡಿದ.

“ಸರೋಜಾ, ಕೇಳ್ದ ಇವ್ನ ಮಾತಾ? ಊರಲ್ಲಿ ಯಾರ್ ಏನ್ ಮಾಡಿದ್ರೂ ನಾನೇ ಮಾಡ್ದೆ ಅಂತಿದ್ದ. ಈಗ ನಂಜುಂಡಪ್ಪ ಮಾಡಿದ್ದೂ ಇವ್ನೇ ಮಾಡಿದ್ನಂತೆ! ನನ್ನ ಉರುಳಕ್ಕೆ ಬುಡಬಾರ್ದು ಅಂತ ಎಂಥಾ ಕತೆ ಕಟ್ಟವ್ನೆ ನೋಡು. ಏಳ್ಲಾ, ಒಳೆಗೆ ಒತ್ತಾಯ್ತು.”

ಜೀವನವಿಡೀ ಸುಳ್ಳು ಹೇಳಿ ನಂಬಿಸಿದವನು ಒಂದು ನಿಜ ಹೇಳಿ ನಂಬಿಸಲಾರದೆ ಕೂತಿದ್ದೆ. ಸರೋಜ ನಗಲಿಲ್ಲ. ಲೋಟ ತೆಗೆದುಕೊಂಡು ಅಡುಗೆಮನೆಗೆ ಹೋದಳು. ಹಿಂದೆಯೇ ಹೋದೆ.

“ನೀನಾದ್ರೂ ನಂಬವ್ವ.”

“ನಂಬೋದೇನ್ ಬಂತಣ್ಣ,” ಎಂದಳು, ನಲ್ಲಿ ತಿರುಗಿಸುತ್ತಾ. “ಪಟ್ಟಿ ಕಟ್ಟಿದೋಳು ನಾನು. ಗೇರಿನ ಬೊಬ್ಬೆ ಯಾವ್ದು, ಆವಿನ ಅಲ್ಲು ಯಾವ್ದು ಅಂತ ನಂಗೊತ್ತಾಗಕಿಲ್ವಾ? ಕಾಯಿ ಯಾರ್ ತಂದ್ರು ಅಂತ್ಲೂ ಮೂರ್ನೇ ದಿನಕ್ಕೇ ಆ ಮಡಿವಾಳರಿಂದ ಗೊತ್ತಾಯ್ತು.”

“ಮತ್ತೆ ನಲವತ್ತು ವರ್ಷ ಯಾಕವ್ವ ಸುಮ್ನಿದ್ದೆ?”

“ಆವಲ್ಲ ಅಂದಿದ್ರೆ ಅವ್ರು ಆ ಮಾತ ವಾಪಸ್ ಇಸ್ಕಂಡ್ಬುಡೋರು. ನಂಗೆ ಅದು ಬೇಕಾಗಿತ್ತು.” ಲೋಟ ಬೋರಲು ಹಾಕಿದಳು. “ಆಮೇಲಾಮೇಲೆ ಯೋಳಕ್ಕೆ ಬಾಯಿ ಬರ್ನಿಲ್ಲ. ಈಗ ಆ ಮಂಡಿ ನೋಡಿ ರಾತ್ರಿ ನಿದ್ದೆ ಬರಕಿಲ್ಲ ಅಣ್ಣ. ಏನಾರ ಮಾಡಿ.”

ಮಾಡುವುದಕ್ಕೆ ಒಂದೇ ದಾರಿ ಇತ್ತು. ಹಜಾರಕ್ಕೆ ಬಂದು ಬಸವರಾಜನಿಗೆ ಹೇಳಿದೆ, “ಸರಿ ಕಣಪ್ಪ, ಹಾವೇ ಕಚ್ಚಿತು. ಅವತ್ತು ಆಟೋದಲ್ಲಿ ನಿನ್ನ ತಲೆ ನನ್ನ ತೊಡೆ ಮೇಲಿತ್ತು. ಈ ಸಲ ನಿನ್ನ ಹೆಸರಲ್ಲಿ ನಾನು ಉರುಳ್ತೀನಿ. ಕಾಯಿಲೆಯವರ ಬದಲು ಬೇರೆಯವರು ಉರುಳೋದು ಎಲ್ಲರೂ ಮಾಡ್ತಾರೆ.”

ಅವನ ನಗು ನಿಂತಿತು. ದೇವರ ಮುಂದೆ ತೀರ್ಥಕ್ಕೂ ಅರ್ಧ ಕೈ ಚಾಚುವವನು ನಾನು ಎಂದು ಅವನಿಗೆ ಗೊತ್ತು. “ನೀನಾ?” ಎಂದ. ಸರೋಜ “ಒಪ್ಕಳ್ಳಿ,” ಎಂದಳು. ಒಪ್ಪಿದ.

ಕಾರ್ತಿಕದ ಹೊಳೆನೀರು ಎಷ್ಟು ತಣ್ಣಗಿರುತ್ತದೆ ಎಂದು ದಡದಲ್ಲಿ ನಿಂತವರಿಗೆ ಗೊತ್ತಾಗುವುದಿಲ್ಲ. ಮುಳುಗಿ ಎದ್ದು, ಒದ್ದೆ ಪಂಚೆಯಲ್ಲಿ, ಗುಡಿಯ ಸುತ್ತಿನ ಕಲ್ಲುಹಾಸಿನ ಮೇಲೆ ಕೈ ಜೋಡಿಸಿ ಮಲಗಿದೆ. ಉರುಳುವುದು ಸುಲಭವೆಂದು ನಾನೂ ಅಂದುಕೊಂಡಿದ್ದೆ. ಹತ್ತು ಸಲ ಮಗ್ಗುಲು ಹೊರಳುವಷ್ಟರಲ್ಲಿ ಗೋಪುರ ಕೆಳಗೆ, ನೆಲ ಮೇಲೆ. ಮೊಣಕೈ ತರಚಿತು. ಯಾರದೋ ಮಗು “ಅಮ್ಮಾ, ಈ ತಾತಂಗೇನಾಗದೆ?” ಎಂದು ಕೇಳಿತು. ಪಕ್ಕದಲ್ಲಿ ಬಸವರಾಜು ಕೋಲೂರಿಕೊಂಡು, ನನ್ನ ತಲೆ ಕಂಬಕ್ಕೆ ತಾಗದ ಹಾಗೆ ಕೈ ಅಡ್ಡ ಹಿಡಿದು, “ಎಡಕ್ಕೆ, ಎಡಕ್ಕೆ... ಮೆಲ್ಗೆ ಕಣ್ಲಾ,” ಎನ್ನುತ್ತಾ ನಡೆಯುತ್ತಿದ್ದ.

ಮುಕ್ಕಾಲು ಪಾಲು ಮುಗಿದಿತ್ತು. ಉಸಿರು ಸಾಲದೆ ಕೆನ್ನೆಯನ್ನು ಕಲ್ಲಿಗಾನಿಸಿ ಹಾಗೇ ಮಲಗಿಬಿಟ್ಟೆ. ಬಸವರಾಜು ಕೋಲಿನ ಮೇಲೆ ಭಾರ ಹಾಕಿ ಕಷ್ಟಪಟ್ಟು ಬಗ್ಗಿದ. ಅವನ ಕತ್ತಿನ ಎರಡು ಕಲೆ ನನ್ನ ಕಣ್ಣಿಗೆ ನೇರವಾಗಿ ಬಂದವು.

“ಲೇ,” ಎಂದ ಮೆಲ್ಲಗೆ. “ಸುಳ್ ಯೋಳಿದ್ರೆ ನೀನು ಇಂಗ್ ಉರುಳೋ ನನ್ಮಗನಲ್ಲ.”

ನಾನು ತರಚಿದ ಮೊಣಕೈ ಒರೆಸಿಕೊಂಡೆ.

“ನಿಜವಾಗ್ಲೂ ಗೇರ್ಕಾಯೇನಾ?”

ಹೂಂ ಎಂದೆ. ಅವನು ಸರೋಜಳ ಕಡೆ ನೋಡಿದ. ಅವಳು ಗೋಪುರ ನೋಡುತ್ತಿದ್ದಳು. ಇನ್ನೊಮ್ಮೆ ನೋಡಿದ. ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಬಸವರಾಜು ಸೊಂಟ ನೆಟ್ಟಗೆ ಮಾಡಿ, ಕೋಲನ್ನು ಬಲಗೈಗೆ ತೆಗೆದುಕೊಂಡ. ಈಗ ಕೋಲು ತೆಗೆದು ಬಾರಿಸುತ್ತಾನೆ, ಇಲ್ಲವೇ ಬೆನ್ನು ತಿರುಗಿಸಿ ಹೋಗುತ್ತಾನೆ ಎಂದುಕೊಂಡೆ.

“ಅಂಗಾದ್ರೆ,” ಎಂದ ಕೊನೆಗೆ, “ಒಂದ್ ಸುತ್ತು ಸಾಲ್ದು ಕಣ್ಲಾ. ಮೂರು ಉರುಳು.”

ಮೂರಾಗಲಿಲ್ಲ, ಎರಡಕ್ಕೆ ಅವನೇ ಎಬ್ಬಿಸಿದ. ನನ್ನ ಮೈಮೇಲಿನ ಮಣ್ಣು ಕೊಡವುತ್ತಾ, ಮನೆಗೆ ಬರುವ ದಾರಿಯುದ್ದಕ್ಕೂ ನನ್ನ ವಂಶವನ್ನೆಲ್ಲ ಬೈದ. ಊಟಕ್ಕೆ ಕೂತಾಗ ಮೂರು ಸಲ ಅನ್ನ ಹಾಕಿಸಿಕೊಂಡ. ಇನ್ನು ಉರುಳುವುದಿಲ್ಲವಂತೆ, ಗುಡಿಗೆ ಬರುವುದನ್ನು ಮಾತ್ರ ಬಿಡುವುದಿಲ್ಲವಂತೆ. ಅವತ್ತು ಆಟೋದಲ್ಲಿ ನನ್ನ ಬಾಯಿ ಬಿಡಿಸಿದ್ದು ನಂಜುಂಡಪ್ಪನಲ್ಲದೆ ನಿನ್ನ ಗೇರುಕಾಯಿಯಾ ಎಂದು ಕೇಳಿದ. ನಾನು ಅವನಿಗೆ ಇನ್ನೊಂದು ಸೌಟು ಸಾರು ಬಡಿಸಿದೆ.

ಇದನ್ನು ಬರೆಯುವಾಗ ಬೆನ್ನಿಗೆ ನೋವಿನೆಣ್ಣೆ ಸವರಿಕೊಂಡು ದಿಂಬಿಗೊರಗಿದ್ದೇನೆ. ಸ್ವಲ್ಪ ಹೊತ್ತಿನ ಮುಂಚೆ ಇಂಚರ ಕರೆದಳು, ಕೊನೆಯ ಕಂತಂತೆ. ಹೋಗಿ ಕೂತೆ. ಆ ಇಸ್ತ್ರಿ ಅಂಗಿಯ ಮುನ್ನೂರು ವರ್ಷದವನು ತಾನು ಯಾರೆಂಬುದನ್ನು ಹುಡುಗಿಗೆ ಹೇಳಲು ಬಂದು, ಬಾಗಿಲಲ್ಲಿ ನಿಂತು, ಬಾಯಿ ತೆಗೆಯುತ್ತಾನೆ, ಮುಚ್ಚುತ್ತಾನೆ. ಸಿನಿಮಾ ಎಂದರೆ ಸಿನಿಮಾ, ಕೆಟ್ಟದ್ದು ಕೆಟ್ಟದ್ದೇ. ಅದರಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ.

“ಅವನನ್ನ ಬಯ್ಯಿರಿ ತಾತ, ಯಾಕೆ ಸುಮ್ನಿದ್ದೀರ?” ಎಂದಳು.

“ಪಾಪ, ಇರ್ಲಿ ಬಿಡವ್ವ,” ಎಂದೆ. “ಅವನಿಗೆ ಸ್ವಲ್ಪ ಟೈಮ್ ಕೊಡು.”